ಏಳು ಎಲೆಯ ಗುಲಾಬಿ

೧೯೩೭ರ ಅಕ್ಟೋಬರ್, ದಸರೆ ಕಳೆದ ನಾಲ್ಕನೆಯ ದಿನ, ಬೆಳಿಗ್ಗೆ ಆರೂವರೆ ಗಂಟೆ. ಸ್ಥಳ ಇಚಲಕರಂಜಿ, ನೂಲಿನ ವ್ಯಾಪಾರಿ ತವನಪ್ಪ ಸಾಹುಕಾರರ ಬಂಗಲೆಯ ಹಿತ್ತಲು. ಹಾಜರಿದ್ದವರು ಇಬ್ಬರು: ತೋಟದ ಮೇಸ್ತ್ರಿಯಾದ ನಾನು, ಮತ್ತು ಕಸ ಹೊರುವ ತಾಯವ್ವ.

ಯಾವ ಕೆಲಸದ ವರದಿಯನ್ನೂ ದಿನ, ಹೊತ್ತು, ಹಾಜರಿದ್ದವರು ಎಂಬ ಮೂರರಿಂದ ಆರಂಭಿಸಬೇಕೆಂದು ನನಗೆ ಕಲಿಸಿದವರು ಕೊಲ್ಲಾಪುರದ ಸುಪರಿಂಟೆಂಡೆಂಟ್ ಸಾಹೇಬರು. ಅವರ ಕೈಕೆಳಗೆ ಒಂದು ದೊಡ್ಡ ತೋಟದಲ್ಲಿ ಒಂಬತ್ತು ವರ್ಷ ಕೆಲಸ ಮಾಡಿದೆ. ಬೆಳಿಗ್ಗೆ ಆರಕ್ಕೆ ಗಡಿಯಾರ ಹಿಡಿದು ಗೇಟಿನಲ್ಲಿ ನಿಲ್ಲುತ್ತಿದ್ದರು. ಆರೂ ಐದಕ್ಕೆ ಬಂದವನು ಅಂದು ಗುಲಾಬಿ ಮುಟ್ಟುವಂತಿರಲಿಲ್ಲ, ಗೊಬ್ಬರ ಹೊರಬೇಕು. ಅವರ ಎರಡು ನಿಯಮಗಳು ನನ್ನ ಮೈಯಲ್ಲಿ ಇಳಿದಿದ್ದವು. ಮೊದಲನೆಯದು: ತೊಟ್ಟಿಗೆ ಐದು ಎಲೆ ಇದ್ದರೆ ಇಡು, ಏಳು ಇದ್ದರೆ ಕಡಿ. ಎರಡನೆಯದು: ಕೆಲಸ ಮುಗಿಸು, ಆಮೇಲೆ ಹೇಳು, ಅರ್ಧ ಕೆಲಸದ ಸುದ್ದಿ ನನಗೆ ಬೇಡ.

ಈಗ ತೋಟದ ಕೆಲಸಕ್ಕೆ ಸೇರುವ ಹುಡುಗರಿಗಾಗಿ ಮೊದಲನೆಯ ನಿಯಮವನ್ನು ಬಿಡಿಸಿ ಹೇಳುತ್ತೇನೆ. ಬಂಗಲೆಗಳ ಮುಂದೆ ಕಾಣುವ ದೊಡ್ಡ ಹೂವಿನ ಗುಲಾಬಿ ತನ್ನ ಬೇರಿನ ಮೇಲೆ ಹೆಚ್ಚು ಕಾಲ ಬಾಳುವುದಿಲ್ಲ. ನಮ್ಮ ಕರಿಮಣ್ಣೂ ಚೈತ್ರದ ಬಿಸಿಲೂ ಅದಕ್ಕೆ ಒಗ್ಗುವುದಿಲ್ಲ. ಆದ್ದರಿಂದ ಕಾಡುಗುಲಾಬಿಯ ಕಡ್ಡಿ ನೆಟ್ಟು, ಅದು ಕಿರುಬೆರಳ ಗಾತ್ರವಾದಾಗ ತೊಗಟೆ ಸೀಳಿ, ಒಳ್ಳೆಯ ಜಾತಿಯ ಒಂದು ಕಣ್ಣನ್ನು, ಎಂದರೆ ಚಿಗುರುಮೊಗ್ಗನ್ನು, ಅದರೊಳಗೆ ಕೂಡಿಸಿ, ಬಾಳೆನಾರಿನಿಂದ ಕಟ್ಟುತ್ತಿದ್ದೆವು. ಇಂದು ನೀವು ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತೀರಿ. ಅದೂ ಸರಿ, ಆದರೆ ಬಿಚ್ಚುವುದನ್ನು ಮರೆತರೆ ಗಿಡದ ಕುತ್ತಿಗೆ ಬಿಗಿಯುತ್ತದೆ. ನಾರು ತಾನೇ ಕೊಳೆತು ಬಿಡುತ್ತಿತ್ತು. ಹೀಗೆ ಬೇರು ಕಾಡಿನದು, ಹೂವು ನಾಡಿನದು. ಕೆಳಗಿನ ಕಾಡುಗಿಡ ಸುಮ್ಮನಿರುವುದಿಲ್ಲ. ಬುಡದಿಂದ ತನ್ನದೇ ಚಿಗುರು ಎಬ್ಬಿಸುತ್ತದೆ. ಅದನ್ನು ಬಿಟ್ಟರೆ ಎರಡು ಮಳೆಗಾಲದಲ್ಲಿ ಮೇಲಿನ ಗುಲಾಬಿ ಸೊರಗುತ್ತದೆ. ನಮ್ಮಲ್ಲಿ ಬೆಳೆಸುತ್ತಿದ್ದ ಜಾತಿಗಳ ಗುರುತು ಎಲೆಯ ಲೆಕ್ಕ: ಮೇಲಿನದಕ್ಕೆ ತೊಟ್ಟಿಗೆ ಐದು, ಕಾಡಿನದಕ್ಕೆ ಏಳು.

ಸಾಹುಕಾರರಲ್ಲಿಗೆ ನಾನು ಬಂದು ಹದಿನೈದೇ ದಿನವಾಗಿತ್ತು. ನನಗಿಂತ ಮೊದಲು ರಾಮಾ ಮಾಳಿ ಎಂಬ ಮುದುಕ ತೋಟ ನೋಡಿಕೊಳ್ಳುತ್ತಿದ್ದ. ಕಣ್ಣು ಮಂದವಾಗಿ ಕಬನೂರಿನ ಮಗನ ಮನೆಗೆ ಹೋಗಿದ್ದ. ಮುಂಭಾಗದ ಗುಲಾಬಿಗಳನ್ನೆಲ್ಲ ಸವರಿ ಮುಗಿಸಿ ಅಂದು ಬೆಳಿಗ್ಗೆ ಹಿತ್ತಲಿಗೆ ಬಂದೆ. ಬಾವಿಯ ಪಕ್ಕ, ಒಳಮನೆಯ ಕಿಟಕಿಯ ಕೆಳಗೆ, ಎದೆಮಟ್ಟದ ಒಂದು ಪೊದೆ. ಜೋಡಿ ಜೋಡಿ ಕೊಕ್ಕೆಮುಳ್ಳು. ಎಲೆ ಎಣಿಸಿದೆ. ಏಳು. ಇನ್ನೊಂದು ತೊಟ್ಟು ಎಣಿಸಿದೆ. ಏಳು. ಮೇಲಿನ ಗುಲಾಬಿ ಯಾವತ್ತೋ ಸತ್ತು ಕಾಡುಗಿಡವೇ ಉಳಿದಿದೆ, ಮುದುಕನಿಗೆ ಕಣ್ಣು ಕಾಣದೆ ಬಿಟ್ಟಿದ್ದಾನೆ ಎಂದುಕೊಂಡೆ.

ತಾಯವ್ವ ಬುಟ್ಟಿ ಕೆಳಗಿಟ್ಟಳು. "ಯಣ್ಣಾ, ಅದು ಅಕ್ಕಾರ ಗಿಡಾ ಐತ್ರಿ. ಒಂದ ಮಾತ ಕೇಳಿ ಕಡೀರಿ."

"ಎಲಿ ಎಷ್ಟ ಅದಾವ, ಎಣಿಸು."

"ನನಗ ಎಣಿಸಾಕ ಬರ್ತಿದ್ರ ಬುಟ್ಟಿ ಯಾಕ ಹೊರತಿದ್ನಿರಿ?"

"ಹಂಗಾರ ಸುಮ್ನ ಹೊರು."

ಕಡಿದೆ. ಬುಡ ಅಗೆದೆ. ಕಾಡುಬೇರಿನ ಒಂದು ತುಂಡು ಉಳಿದರೂ ಮತ್ತೆ ಏಳುತ್ತದೆಂದು ಎರಡಡಿ ಆಳ ತೆಗೆದು, ಬೇರನ್ನೆಲ್ಲ ಆಯ್ದು, ಗುಂಡಿಗೆ ಸುಣ್ಣ ಸುರಿದೆ. ಎಂಟು ಗಂಟೆ ಹತ್ತು ನಿಮಿಷಕ್ಕೆ ಕೆಲಸ ಮುಗಿಯಿತು. ಅಚ್ಚುಕಟ್ಟಾಗಿ ಮಾಡಿದೆನೆಂದು ನನಗೆ ಸಂತೋಷವೂ ಆಗಿತ್ತು. ಅದನ್ನೂ ಇಲ್ಲಿ ಬರೆಯಬೇಕು.

ಒಂಬತ್ತಕ್ಕೆ ಸಾಹುಕಾರರ ಅಕ್ಕ ಪದ್ದಕ್ಕ ಬಸದಿಯಿಂದ ಬಂದರು. ಬಿಳಿ ಸೀರೆ, ತಲೆಯ ಮೇಲೆ ಸೆರಗು, ಕೈಯಲ್ಲಿ ನೀರಿನ ಚರಿಗೆ. ಹನ್ನೆರಡನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು; ಆಗ ಐವತ್ತರ ಹತ್ತಿರ. ಚರಿಗೆಯ ನೀರು ಹಾಕಲು ಬಾವಿಯ ಪಕ್ಕಕ್ಕೆ ಬಂದು ಗುಂಡಿಯ ಮುಂದೆ ನಿಂತರು.

"ಇಲ್ಲೊಂದ ಗಿಡಾ ಇತ್ತು" ಎಂದರು.

ನಾನು ಹೊಸಬ. ಮನೆಯಲ್ಲಿ ಮೂರು ಮಕ್ಕಳು. ತಾಯವ್ವನ ಕಣ್ಣು ನನ್ನ ಮೇಲಿತ್ತು. "ಬೇರಿಗೆ ಗೆದ್ದಲ ಹತ್ತಿತ್ತರಿ ಅಕ್ಕಾರ. ಪೂರಾ ಟೊಳ್ಳ ಆಗಿತ್ತು. ಬಿಟ್ಟಿದ್ರ ಮುಂದಿನ ಗಿಡಕ್ಕೂ ಹತ್ತತಿತ್ತರಿ" ಎಂದೆ.

ಪದ್ದಕ್ಕ ಗುಂಡಿಯೊಳಗಿನ ಬಿಳಿ ಸುಣ್ಣ ನೋಡಿದರು. ಚರಿಗೆಯ ನೀರನ್ನು ತುಳಸಿಯ ಪಕ್ಕದ ಕರಿಬೇವಿಗೆ ಹಾಕಿ ಒಳಗೆ ಹೋದರು.

ಆ ಗಿಡದ ಕಥೆಯನ್ನು ತಾಯವ್ವ ಮಧ್ಯಾಹ್ನ ರೊಟ್ಟಿ ತಿನ್ನುವಾಗ ಹೇಳಿದಳು. ಸಾಹುಕಾರರ ಮೂಲ ಮನೆ ಗಡಹಿಂಗ್ಲಜದಲ್ಲಿತ್ತು. ಅಲ್ಲಿ ತಾಯಿ ಹಿತ್ತಲಿಗೆ ಕಾಡುಗುಲಾಬಿಯ ಬೇಲಿ ಹಾಕಿದ್ದರು. ವ್ಯಾಪಾರಕ್ಕಾಗಿ ಮನೆ ಮಾರಿ ಇಚಲಕರಂಜಿಗೆ ಬರುವಾಗ ಪದ್ದಕ್ಕ ಬೇಲಿಯ ಒಂದು ಬುಡವನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಚಕ್ಕಡಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದರು. ಆಗ ತಾಯಿ ತೀರಿಕೊಂಡು ಆರು ತಿಂಗಳಾಗಿತ್ತು.

"ಮಾಘದಾಗ ಬಿಳೇ ಹೂ ಬಿಡತಿದ್ವು, ಐದ ಪಕಳಿ" ಎಂದಳು ತಾಯವ್ವ. "ಅಕ್ಕಾರು ಹೂ ಮುಡಿಯಂಗಿಲ್ಲ. ಈ ಹೂ ಯಾರೂ ಮುಡಿಯಂಗಿಲ್ಲ, ಹರದು ಮನೀ ಮುಟ್ಟೋದ್ರಾಗ ಉದರಿ ಹೋಗತಾವು. ಅದಕ್ಕ ಇದನ್ನ ಯಾರೂ ಕೇಳಾಕ ಬರತಿದ್ದಿಲ್ಲ. ಆಕೀಗೆ ಉಳದಿತ್ತು. ನೀವು ಲೆಕ್ಕಾ ಮಾಡಿದ್ರಿ."

"ಯಾರಿಗೂ ಹೇಳಬ್ಯಾಡ" ಎಂದೆ.

"ನಾ ಯಾಕ ಹೇಳಲಿ? ಗೆದ್ದಲಾನ ಹೇಳತಾವ ಬಿಡ್ರಿ."

ಮಾರ್ಗಶಿರದಲ್ಲಿ ಎರಡು ದಿನ ರಜೆ ಪಡೆದು ಗಡಹಿಂಗ್ಲಜಕ್ಕೆ ಹೋದೆ. ನನ್ನ ಸ್ವಂತ ಊರು ಅದರಾಚೆ ಎರಡು ಹರದಾರಿ, ದಾರಿ ಗೊತ್ತಿತ್ತು. ಸಾಹುಕಾರರ ಹಳೆಯ ಮನೆ ಕಂಡುಹಿಡಿದೆ. ಬೇಲಿ ಇರಲಿಲ್ಲ. ಮನೆ ಕೊಂಡ ಬೆಲ್ಲದ ವ್ಯಾಪಾರಿ ಕಲ್ಲಿನ ಗೋಡೆ ಕಟ್ಟಿಸಿದ್ದ.

"ಮುಳ್ಳು ಹುಡುಕ್ಕೋಂತ ಇಚಲಕರಂಜಿಯಿಂದ ಬಂದೀರಿ?" ಎಂದು ಆತ ನಕ್ಕ. "ಜನಾ ಮುಳ್ಳ ತಗಸಾಕ ಬರತಾರಪಾ. ಎಲ್ಲಾ ಕಡಿಸಿ ನೀರೊಲಿಗೆ ಹಾಕಿದ್ವಿ. ಭಾಳ ದಿನಾ ಉರೀತು."

ಬರಿಗೈಯಲ್ಲಿ ಬರಲು ಮನಸ್ಸಾಗದೆ ಒಂದು ಹಗಲೆಲ್ಲ ಹೊಳೆಯ ದಂಡೆ ಹುಡುಕಿದೆ. ಒಂದು ಕಾಡುಗುಲಾಬಿ ಸಿಕ್ಕಿತು. ಏಳು ಎಲೆ, ಕೊಕ್ಕೆಮುಳ್ಳು. ತಂದು ಪದ್ದಕ್ಕನವರ ಮುಂದಿಟ್ಟೆ. "ನಿಮ್ಮ ಊರಿನದಽ ರೀ. ಗೆದ್ದಲ ತಿಂದ ಗಿಡದ ಬದಲಿ" ಎಂದೆ.

ಅವರು ಒಂದು ಎಲೆ ಕಿತ್ತು ಬೆರಳಲ್ಲಿ ತಿಕ್ಕಿ ಮೂಸಿದರು. "ಇದು ಬ್ಯಾರೇನಪಾ. ನಮ್ಮವ್ವನ ಗಿಡದ ಎಲಿ ತಿಕ್ಕಿದ್ರ ಪ್ಯಾರಲಕಾಯಿ ವಾಸನಿ ಬರತಿತ್ತು. ಇದಕ್ಕ ಏನೂ ಇಲ್ಲ." ಆಮೇಲೆ ನನ್ನ ಮುಖ ನೋಡಿದರು. "ಇದಕ್ಕಂತ ಅಷ್ಟ ದೂರ ಹೋಗಿದ್ದೇನು? ಮತ್ತೇನರೆ ಹೇಳೋದು ಐತೇನು, ಮಲ್ಲಪ್ಪಾ?"

"ಏನೂ ಇಲ್ಲರಿ" ಎಂದೆ.

"ಇಲ್ಲಾದ್ರ ಇಲ್ಲ. ಇದೂ ಜೀವಾನ. ನೆಡು, ಬದಕಲಿ."

ಹಳೆಯ ಗುಂಡಿಯಲ್ಲಿ ಸುಣ್ಣವಿದ್ದುದರಿಂದ ಬಾವಿಯ ಆಚೆ ಬದಿಗೆ ನೆಟ್ಟೆ. ಮರುವರ್ಷ ಅದು ಹೂ ಬಿಟ್ಟಿತು, ನಸುಗೆಂಪು. ಪದ್ದಕ್ಕ ಅದಕ್ಕೂ ನೀರು ಹಾಕುತ್ತಿದ್ದರು. ಆದರೆ ಚರಿಗೆ ಬರಿದು ಮಾಡಿ ಹೊರಟುಬಿಡುತ್ತಿದ್ದರು, ಮೊದಲಿನಂತೆ ಬಾವಿಕಟ್ಟೆಯ ಮೇಲೆ ಕೂರುತ್ತಿರಲಿಲ್ಲ.

ಆ ಅವಧಿಯಲ್ಲಿ ನನ್ನ ಹೆಸರು ಬೆಳೆಯಿತು. ಮುಂಭಾಗದಲ್ಲಿ ನಾಲ್ಕು ಹಳೆಯ ಗಿಡಗಳಿದ್ದವು, ಗಾಢ ಕೆಂಪು ಹೂವಿನವು. ಕೊಲ್ಲಾಪುರದ ಹೂವಿನ ಪ್ರದರ್ಶನಕ್ಕೆ ಅವುಗಳ ಹೂ ಕಳಿಸಿದೆವು, ಸಾಹುಕಾರರಿಗೆ ಬಹುಮಾನವೂ ಬಂತು. ವಾರಕ್ಕೊಮ್ಮೆ, ಬುಧವಾರ ಬೆಳಿಗ್ಗೆ ಏಳಕ್ಕೆ, ಅವುಗಳ ಬುಡಚಿಗುರು ತೆಗೆಯುತ್ತಿದ್ದೆ. ಒಂದು ಬುಧವಾರವೂ ತಪ್ಪಿಸಲಿಲ್ಲ. ತೆಗೆದದ್ದನ್ನು ತಾಯವ್ವ ತಿಪ್ಪೆಗೆ ಹಾಕುತ್ತಿದ್ದಳು.

೧೯೩೯ರ ಜೂನ್, ಮೊದಲ ಮಳೆ ಬಿದ್ದ ವಾರ. ಮೂರನೆಯ ಕೆಂಪು ಗಿಡದ ಬುಡದಲ್ಲಿ ಒಂದು ಬಲವಾದ ಚಿಗುರು ಎದ್ದಿತ್ತು. ಅದನ್ನು ಕತ್ತರಿಯಿಂದ ಕಡಿಯಬಾರದು, ಬುಡದಿಂದ ಕೈಯಲ್ಲಿ ಹರಿಯಬೇಕು. ಕಡಿದರೆ ಒಂದರ ಜಾಗಕ್ಕೆ ಮೂರು ಬರುತ್ತವೆ. ಹರಿಯಲು ಹಿಡಿದಾಗ ಎಲೆ ಅಂಗೈಯಲ್ಲಿ ಜಜ್ಜಿತು. ಅದೇ ಕೈಯಿಂದ ಸಡಿಲಾದ ರುಮಾಲು ಸರಿಪಡಿಸಿಕೊಂಡೆ. ಪೇರಲಕಾಯಿಯ ವಾಸನೆ.

ಕೂತುಬಿಟ್ಟೆ. ಏಳು ಎಲೆ. ಜೋಡಿ ಮುಳ್ಳು. ಇಪ್ಪತ್ತು ತಿಂಗಳು ಪ್ರತಿ ಬುಧವಾರ ಕಿತ್ತು ತಿಪ್ಪೆಗೆ ಹಾಕಿಸಿದ್ದು ಇದನ್ನೇ. ಎಲೆ ಎಣಿಸಿದ್ದೆ, ಮೂಸಿ ನೋಡಿರಲಿಲ್ಲ.

ಅಂದು ಸಂಜೆಯೇ ಕಬನೂರಿಗೆ ನಡೆದೆ. ರಾಮಾ ಮಾಳಿ ಮಗನ ಮಗ್ಗದ ಪಕ್ಕ ಕೂತು ಕಂಡಿಕೆಗೆ ನೂಲು ಸುತ್ತುತ್ತಿದ್ದ. ಕಣ್ಣು ಪೂರ್ತಿ ಹೋಗಿತ್ತು, ಬೆರಳು ಚುರುಕಾಗಿದ್ದವು.

"ಕಾಕಾ, ಆ ಕೆಂಪು ಗಿಡಕ್ಕ ಕೆಳಗಿನ ಕಾಡಗಿಡಾ ಎಲ್ಲಿಂದ ತಂದಿದ್ರಿ?"

"ಅರ ಮಲ್ಲಪ್ಪಾ, ರಾನಗುಲಾಬ ಆಣಾಯಲಾ ರಾನಾತ ಕಶಾಲಾ ಜಾಯ್ಚಂ?" ಎಂದು ಮರಾಠಿಯಲ್ಲಿ ನಕ್ಕು, ಕನ್ನಡಕ್ಕೆ ಹೊರಳಿದ. "ಹಿತ್ತಲದಾಗ ಅಕ್ಕಾರ ಕಂಟಿ ಇರಬೇಕಾದ್ರ ಕಾಡಿಗೆ ಯಾಂವ ಹೋಗತಾನ? ನಾಕ ಕಡ್ಡಿ, ನಾಕ ಗಿಡಾ. ಎಂಥಾ ಗಟ್ಟಿ ಬೇರಂತಿ! ಹೆಂಗೈತಿ ಈಗ ಆ ಕಂಟಿ?"

"ಐತ್ರಿ" ಎಂದೆ. ಕುರುಡನಿಗೂ ಸುಳ್ಳು ಹೇಳಿ ಬಂದೆ. ಮುದುಕ ಆ ನಾಲ್ಕು ಕಡ್ಡಿಗಳನ್ನು ಯಾರನ್ನೂ ಕೇಳದೆ ಕತ್ತರಿಸಿಕೊಂಡಿರಬೇಕು, ಪದ್ದಕ್ಕನವರಿಗೆ ಗೊತ್ತಿರಲಾರದು ಎಂದುಕೊಂಡೆ.

ಮರುದಿನದಿಂದ ಆ ಚಿಗುರನ್ನು ಮುಟ್ಟಲಿಲ್ಲ. ನಿಯಮ ಮುರಿದದ್ದು ನನ್ನ ಕೆಲಸದಲ್ಲಿ ಅದೇ ಮೊದಲು. ಕಡ್ಡಿ ಕತ್ತರಿಸಿ ನೆಟ್ಟರೆ ಆ ಮಳೆಯಲ್ಲಿ ಎಳೆಯ ಕಡ್ಡಿ ಕೊಳೆಯುವ ಭಯ. ಆದ್ದರಿಂದ ಒಂದು ಮೊಳ ಬೆಳೆದ ಮೇಲೆ ಬಗ್ಗಿಸಿ, ನಡುವೆ ತೊಗಟೆ ಕೊಂಚ ಕೊಯ್ದು, ತುದಿಯನ್ನು ಹೊರಗೆ ಬಿಟ್ಟು ಆ ಭಾಗವನ್ನು ಮಣ್ಣಿನಲ್ಲಿ ಹೂತು ಮೇಲೆ ಕಲ್ಲಿಟ್ಟೆ. ತಾಯಿಬೇರಿನ ನೀರು ಕುಡಿಯುತ್ತಲೇ ಅದು ತನ್ನ ಬೇರು ಬಿಡುತ್ತದೆ. ಮಳೆಗಾಲ ಮುಗಿದ ಮೇಲೆ ಬೇರ್ಪಡಿಸಿ ಹಿತ್ತಲಿಗೆ ಒಯ್ಯುವುದು, ಆಮೇಲೆ ಪದ್ದಕ್ಕನವರಿಗೆ ಎಲ್ಲ ಹೇಳುವುದು. ಹೊಳೆಯ ಗಿಡದಂತೆ ಮತ್ತೊಮ್ಮೆ ನಿರಾಶೆ ಮಾಡಬಾರದು. ಕೆಲಸ ಮುಗಿಸು, ಆಮೇಲೆ ಹೇಳು.

ಶ್ರಾವಣದಲ್ಲಿ ಸಾಹುಕಾರರ ಕಣ್ಣಿಗೆ ಬಿತ್ತು. ಕಾಡುಕೊಂಬೆ ಆಳೆತ್ತರ ಹೋಗಿತ್ತು. ಕೆಂಪು ಗಿಡದ ಎಲೆ ಹಳದಿಗೆ ತಿರುಗಿದ್ದವು.

"ಮಲ್ಲಪ್ಪಾ, ಇದೇನಿದು? ಮದುಮಗನ ಬಾಜೂಕ ದೆವ್ವ ನಿಂತಂಗ ನಿಂತೈತಿ? ಪ್ರದರ್ಶನಕ್ಕ ಮೂರನೇ ಗಿಡಾನ ಬೇಕು ನನಗ. ಕಿತ್ತ ಒಗಿ."

ಸಾಹುಕಾರರು ಕೆಟ್ಟವರಲ್ಲ. ಮಾತು ಗಡಸು, ಅಷ್ಟೆ. ಅವರ ಮುಂದೆ ನಿಂತು ಸುಣ್ಣದ ಗುಂಡಿಯಿಂದ ಕಬನೂರಿನವರೆಗೆ ಎಲ್ಲ ಹೇಳಿದೆ. ಅವರು ಛತ್ರಿಯ ತುದಿಯಿಂದ ಮಣ್ಣು ಕೆದಕುತ್ತ ಕೇಳಿದರು.

"ನಾನೂ ಗೆದ್ದಲಂತ ನಂಬಿದ್ನೆಲ್ಲೋ" ಎಂದರು ಕೊನೆಗೆ. "ಎಷ್ಟ ದಿನಾ ಬೇಕು ಇದಕ್ಕ?"

"ದಸರಾ ಮುಗಿಯೋತನಕ ರೀ. ಈ ವರ್ಷ ಮೂರನೇ ಗಿಡದ ಹೂ ಸಣ್ಣ ಆಗತಾವರಿ."

"ಆಗಲಿ. ಆದ್ರ ಅಕ್ಕಗ ನೀನಽ ಹೇಳಬೇಕು. ನಾ ಹೇಳಂಗಿಲ್ಲ. ಇವತ್ತಽ ಹೇಳು."

ಅಂದೇ ಹೇಳಲಿಲ್ಲ. ಬೇರು ಬಿಡಲಿ ಎಂದುಕೊಂಡೆ. ಭಾದ್ರಪದದಲ್ಲಿ ಜೈನರ ಹತ್ತು ದಿನದ ಪರ್ವ ಬಂತು, ಪದ್ದಕ್ಕ ಉಪವಾಸ ಹಿಡಿದರು. ಮೊದಲೇ ಕೆಮ್ಮು ಇತ್ತು. ಪಾರಣೆಯ ದಿನ ಹಾಸಿಗೆ ಹಿಡಿದವರು ಏಳಲಿಲ್ಲ. ಡಾಕ್ಟರು ಬಂದು ಹೋಗುವಾಗ ಗೇಟಿನವರೆಗೂ ಸಾಹುಕಾರರ ಜೊತೆ ತಗ್ಗಿದ ದನಿಯಲ್ಲಿ ಮಾತಾಡಿದರು. ತಾಯವ್ವ ನನ್ನ ಹತ್ತಿರ ಬಂದು, "ಯಣ್ಣಾ, ನಿಮ್ಮ ಕೆಲಸಾ ಮುಗಿಯೋತನಕ ಅಕ್ಕಾರು ಕಾಯಾಂಗ ಕಾಣಂಗಿಲ್ಲ" ಎಂದಳು.

ಆಗ ಹೋದೆ. ಮಧ್ಯಾಹ್ನ ಮೂರು ಗಂಟೆ. ಹಿತ್ತಲ ಬಾಗಿಲಲ್ಲಿ ಕಾಲು ತೊಳೆದು, ಕಾಡುಕೊಂಬೆಯ ತುದಿಯ ಒಂದು ಎಲೆ ಮಾತ್ರ ಕೈಯಲ್ಲಿ ಹಿಡಿದು. ಪದ್ದಕ್ಕ ಕಿಟಕಿಯ ಪಕ್ಕ ಮಲಗಿದ್ದರು. ಎಲೆ ಕೊಟ್ಟೆ. ತಿಕ್ಕಿದರು, ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು.

"ಅಕ್ಕಾರ, ಆ ಗಿಡಾ ಗೆದ್ದಲ ತಿಂದಿದ್ದಿಲ್ಲರಿ. ನಾನಽ ಕಡದೆ."

"ಗೊತ್ತೈತಿ. ಗೆದ್ದಲ ಎಲ್ಲೆರೆ ಗುಂಡಿಗೆ ಸುಣ್ಣಾ ಸುರೂತಾವೇನು?" ನಗಲು ಹೋಗಿ ಕೆಮ್ಮಿದರು. "ಇದು ಮೂರನೇ ಕೆಂಪ ಗಿಡದ್ದು. ಹೌದಲ್ಲೋ?"

"ನಿಮಗ ಹೆಂಗ ಗೊತ್ತರಿ?"

"ರಾಮಾಗ ಕಡ್ಡಿ ಕೊಯ್ದ ಕೊಟ್ಟಾಕಿ ನಾನಽ. ನಾಕೂ ಗಿಡದ ಬುಡದಾಗ ನಮ್ಮವ್ವನ ಗಿಡಾನ ಐತಿ."

"ಮತ್ತ ಯಾಕ ಹೇಳಲಿಲ್ಲರಿ? ಎರಡು ವರ್ಷ..."

"ಏನಂತ ಹೇಳಲಿ? ನೀ ಗೆದ್ದಲಂದಿ. ಅಲ್ಲ, ಕಡದಾನ ಅಂತ ನಾ ಅಂದ್ರ ತಮ್ಮ ನಿನ್ನ ಅವತ್ತಽ ಗೇಟಿನ ಹೊರಗ ಹಾಕತಿದ್ದ. ಮೂರ ಮಕ್ಕಳ ತಂದಿ. ಒಂದ ಗಿಡಕ್ಕ ಒಂದ ಮನೀ ಕೆಡಸಲೇನು? ನೀನಽ ಬಂದ ಹೇಳತಿ ಅಂತ ಕಾದೆ. ಆ ಹೊಳೀ ಗಿಡಾ ತಂದಾಗ ಹೇಳತಿ ಅನಕೊಂಡೆ. ಅವತ್ತೂ ಹೇಳಲಿಲ್ಲ." ಉಸಿರು ತೆಗೆದುಕೊಂಡರು. "ಕಡದ ದಿನಾನ ಖರೇ ಹೇಳಿದ್ರ, ಆ ದಿನಾನ ಮುಂದಿನ ಬುಡಾ ತೋರಸತಿದ್ದೆ. ಹೋದ ಮಾಘಕ್ಕ ಹೂ ಬಂದ ಹೋಗಿರತಿದ್ವು. ಹೌದಲ್ಲೋ?"

ಲೆಕ್ಕ ನನಗೂ ಬರುತ್ತಿತ್ತು. ಆ ಅಕ್ಟೋಬರ್‌ನಲ್ಲಿ ಕಡ್ಡಿ ನೆಟ್ಟಿದ್ದರೆ, ಒಂದು ಮಳೆಗಾಲ ಬೆಳೆದು, ವರ್ಷ ಹಳೆಯದಾದ ಕೊಂಬೆಯ ಮೇಲೆ ಹೋದ ಮಾಘದಲ್ಲೇ ಹೂ ಬರುತ್ತಿತ್ತು. "ಹೌದ್ರಿ" ಎಂದೆ.

"ಈಗ ಯಾವಾಗ ಬಿಡತೈತಿ?"

ಬರುವ ಮಾಘದಲ್ಲಿ ಎಂದು ಹೇಳಿಬಿಡಬಹುದಾಗಿತ್ತು. ಮಾತು ಬಾಯಿಗೂ ಬಂದಿತ್ತು. "ಈ ಮಾಘದಾಗ ಬಿಡಂಗಿಲ್ಲರಿ. ಕಿತ್ತ ನೆಟ್ಟ ಮೊದಲನೇ ವರ್ಷ ಬೇರ ಹಿಡಿಯಾಕಽ ಹೋಗತೈತಿ. ಅದರ ಮುಂದಿನ ಮಾಘಕ್ಕರಿ."

ಪದ್ದಕ್ಕ ಎಲೆಯನ್ನು ದಿಂಬಿನ ಕೆಳಗಿಟ್ಟುಕೊಂಡರು. "ಖರೇ ಹೇಳಿದಿ ನೋಡು. ಭಾಳ ತಡಾ ಮಾಡಿ ಕಲ್ತಿ, ಮಲ್ಲಪ್ಪಾ" ಎಂದರು. ಅದರಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಐದನೆಯ ದಿನ ಅವರು ತೀರಿಕೊಂಡರು.

ಹುಡುಗರೇ, ಕೊಲ್ಲಾಪುರದ ಸಾಹೇಬರ ಮೊದಲನೆಯ ನಿಯಮವನ್ನು ಇಂದಿಗೂ ನಾನು ತಪ್ಪೆನ್ನುವುದಿಲ್ಲ. ಏಳು ಎಲೆಯ ಚಿಗುರು ತೆಗೆಯಲೇಬೇಕು. ಆದರೆ ತೆಗೆಯುವ ಮೊದಲು ಮನೆಯವರನ್ನು ಕೇಳಿ. ಎರಡನೆಯ ನಿಯಮವನ್ನು ಮಾತ್ರ ನಾನು ಯಾರಿಗೂ ಕಲಿಸಲಿಲ್ಲ. ಗಿಡ ಕೆಟ್ಟರೆ, ಕೆಟ್ಟ ಗಳಿಗೆಯಲ್ಲೇ ಹೇಳಿ. ಗಿಡಕ್ಕೆ ಮತ್ತೊಂದು ಮಾಘ ಬರುತ್ತದೆ.

ಸೂತಕ ಕಳೆದ ಮರುದಿನ ಮಧ್ಯಾಹ್ನ ಎರಡು ಗಂಟೆಗೆ ಕಲ್ಲು ಸರಿಸಿ ಮಣ್ಣು ಬಿಡಿಸಿದೆ. ಬಿಳಿಯ ಬೇರು ಒಂದು ಹಿಡಿಯಷ್ಟು ಬಂದಿತ್ತು. ತಾಯಿಗಿಡದಿಂದ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಹಿತ್ತಲಿಗೆ ತಂದೆ. ಕಿಟಕಿಯ ಕೆಳಗೆ ಗುಂಡಿ ತೋಡಿ, ಹೊಸ ಮಣ್ಣೂ ಕೊಳೆತ ಗೊಬ್ಬರವೂ ಬೆರೆಸಿದ್ದಾಯಿತು. ತಾಯವ್ವ ನೀರು ತರಲು ಹೋದಳು. ಮಣ್ಣು ತುಂಬುವಾಗ ಗಿಡವನ್ನು ನೆಟ್ಟಗೆ ಹಿಡಿಯಲು ಇನ್ನೊಂದು ಕೈ ಬೇಕಾಯಿತು.

ಸಾಹುಕಾರರು ಒಳಬಾಗಿಲಲ್ಲಿ ನಿಂತಿದ್ದರು. ಚಪ್ಪಲಿ ಬಿಟ್ಟು ಬಂದು, ಬಿಳಿ ಧೋತರದಲ್ಲೇ ಮಣ್ಣಿನ ಮೇಲೆ ಮೊಣಕಾಲೂರಿ ಕೂತರು. ಮುಳ್ಳಿದ್ದಲ್ಲೇ ಹಿಡಿದರು.

"ಹಿಂಗ ಹಿಡೀಲೇನು?"

"ಇನ್ನಷ್ಟ ಕಿಟಕಿ ಕಡೆ ವಾಲಸ್ರಿ."

ವಾಲಿಸಿದರು. ಮಣ್ಣು ತುಂಬಿದೆ, ತುಳಿದೆ. ತಾಯವ್ವ ಎರಡು ಕೊಡ ನೀರು ಹಾಕಿದಳು. ಬಿಸಿಲು ತಾಗದಂತೆ ಸುತ್ತ ಎಕ್ಕದ ಟೊಂಗೆ ಚುಚ್ಚಿದೆ. ಸಾಹುಕಾರರು ಬೆರಳಿನ ರಕ್ತವನ್ನು ಧೋತರಕ್ಕೆ ಒರೆಸಿಕೊಂಡು, "ಇನ್ನೇನರೆ ಐತೇನು ಮಾಡೋದು?" ಎಂದರು.

"ಇವತ್ತಿಗೆ ಇಲ್ಲರಿ" ಎಂದೆ.

ಆದರೂ ಅವರು ಏಳಲಿಲ್ಲ. ಸಲಿಕೆ, ಕತ್ತರಿ ತೊಳೆದು, ಎಣ್ಣೆ ಒರೆಸಿ ಗೂಟಕ್ಕೆ ತೂಗುಹಾಕಿದೆ. ಆಗ ಸಂಜೆ ಐದೂಮುಕ್ಕಾಲು.